ಟ್ರೆಂಡಿಂಗ್ ಹಾಡಿಗೆ ಕುಣಿದರೆ ಚಟ್ನಿಪುಡಿ ಖರ್ಚಾಗುತ್ತಾ?

ಪುಡಿ ಅಂಗಡಿ, ತುಮಕೂರು:

ನಮಸ್ಕಾರ. ಜಾಹೀರಾತಿನ ಕೆಲಸ ಮಾಡುವವರು ಇಲ್ಲಿ ಒಂದಷ್ಟು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನಮ್ಮದು ಮನೆಯಲ್ಲೇ ಮಾಡುವ ಪುಡಿ ವ್ಯಾಪಾರ. ಚಟ್ನಿಪುಡಿ, ಸಾರಿನ ಪುಡಿ, ಅಗಸೆ ಪುಡಿ, ಹುರಳಿ ಪುಡಿ. ನಮ್ಮತ್ತೆ ಶುರು ಮಾಡಿದ್ದು, ಈಗ ನಾನು ಮತ್ತು ಇಬ್ಬರು ಹೆಂಗಸರು ನೋಡಿಕೊಳ್ಳುತ್ತೇವೆ. ಊರಲ್ಲಿ ಕೆಲವು ಅಂಗಡಿಗೆ ಹಾಕುತ್ತೇವೆ, ಬೆಂಗಳೂರಿಗೆ ಕೊರಿಯರ್‌ನಲ್ಲಿ ಹೋಗುತ್ತೆ.

ನಾದಿನಿ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಇನ್‌ಸ್ಟಾದಲ್ಲಿ ಕಾಣಿಸಿಕೊಳ್ಳದಿದ್ದರೆ ವ್ಯಾಪಾರ ಮುಂದಕ್ಕೆ ಹೋಗಲ್ಲ ಅತ್ತೆ ಅಂತ ಅವನದು ಒಂದೇ ಹಟ. ಸರಿ ಮಾಡಪ್ಪ ಅಂದೆ. ಪ್ಯಾಕೆಟ್ ಕೈಲಿ ಹಿಡಿದುಕೊಂಡು ಆಗ ಎಲ್ಲರೂ ಕುಣಿಯುತ್ತಿದ್ದ ಒಂದು ಹಿಂದಿ ಹಾಡಿಗೆ ಕುಣಿದ. ನಿಜ ಹೇಳಬೇಕೆಂದರೆ ಚೆನ್ನಾಗೇ ಕುಣಿದ. ವ್ಯೂಸ್ ಲಕ್ಷ ದಾಟಿತು, ಮನೆಯಲ್ಲಿ ಹಬ್ಬ. ಆಮೇಲೆ ಕೂತು ಕಾಮೆಂಟ್ ಓದಿದರೆ, ಅರ್ಧ ಜನ ಹಾಡು ಯಾವ ಸಿನಿಮಾದ್ದು ಅಂತ ಕೇಳಿದ್ದಾರೆ, ಇನ್ನರ್ಧ ಜನ ಅವನ ಶರ್ಟ್ ಎಲ್ಲಿ ತಗೊಂಡಿದ್ದು ಅಂತ! ಪುಡಿ ಬೇಕು ಅಂತ ಫೋನ್ ಮಾಡಿದವರು ಬೆರಳೆಣಿಕೆ. ಅದರಲ್ಲೂ ಒಬ್ಬರು ಲಕ್ನೋದವರು, ನೂರು ಗ್ರಾಂ ಸ್ಯಾಂಪಲ್ ಫ್ರೀ ಕಳಿಸಿ ಅಂದರು.

ಈಗ ಬೆಂಗಳೂರಿನ ಒಂದು ಏಜೆನ್ಸಿಯವರು ಗಂಟು ಬಿದ್ದಿದ್ದಾರೆ. ವೈರಲ್ ಗ್ಯಾರಂಟಿ ಅಂತೆ. ಅವರ ಐಡಿಯಾ ಕೇಳಿ. ಮೊದಲು ನಾನು "ಅಂಗಡಿ ಮುಚ್ಚುತ್ತಿದ್ದೇವೆ, ಇಷ್ಟು ವರ್ಷ ಕೈಹಿಡಿದವರಿಗೆ ಥ್ಯಾಂಕ್ಸ್" ಅಂತ ಕಣ್ಣೀರು ಹಾಕುವ ವಿಡಿಯೋ. ಎರಡು ದಿನ ಬಿಟ್ಟು "ಹಳೇ ಪ್ಯಾಕೆಟ್ ಮುಚ್ಚಿದ್ದೇವೆ, ಇಗೋ ಹೊಸ ಪ್ಯಾಕೆಟ್" ಅಂತ ನಗುವ ವಿಡಿಯೋ. ನನಗೆ ಕೇಳಿಯೇ ಮೈ ಉರಿಯಿತು, ಆದರೆ ಮನೆಯವರಿಗೆ ಪರವಾಗಿಲ್ಲ ಅನಿಸಿದೆ. ದುಡ್ಡೂ ಸಣ್ಣದಲ್ಲ.

ಟ್ರೆಂಡ್ ಹಿಂದೆ ಓಡುವುದರಿಂದ ನಮ್ಮಂಥ ಸಣ್ಣವರಿಗೆ ಏನಾದರೂ ಪ್ರಯೋಜನ ಇದೆಯಾ? ದೊಡ್ಡ ಕಂಪನಿಗಳದ್ದು ಅಷ್ಟು ಓಡುತ್ತಲ್ಲ, ಅವರು ಮಾಡುವುದೇನು, ನಾವು ಮಾಡದೇ ಇರುವುದೇನು?

ಅಕ್ಷರ ಕೂಲಿ, ಬೆಂಗಳೂರು:

ಅಕ್ಕಾ, ನಾನು ಹೊಟ್ಟೆ ಹೊರೆಯುವುದೇ ಜಾಹೀರಾತು ಬರೆದು. ಮೊದಲು ಅಳುವ ವಿಡಿಯೋ ವಿಷಯ ಮುಗಿಸೋಣ. ಬೇಡ. ಫೆಬ್ರವರಿ 2024ರಲ್ಲಿ ನಟಿ ಪೂನಂ ಪಾಂಡೆ ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡರು ಅಂತ ಅವರದೇ ಇನ್‌ಸ್ಟಾ ಖಾತೆಯಲ್ಲಿ ಬಂತು. ಮಾರನೇ ದಿನ ಅವರೇ ಬಂದು ನಾನು ಬದುಕಿದ್ದೇನೆ, ಜಾಗೃತಿಗೆ ಮಾಡಿದ್ದು ಅಂದರು. ಇಡೀ ದೇಶ ಮಾತಾಡಿತು, ನಿಜ. ಆದರೆ ಮಾತಾಡಿದ್ದು ಕ್ಯಾನ್ಸರ್ ಬಗ್ಗೆಗಿಂತ ಜಾಸ್ತಿ ಅವರನ್ನು ಬೈಯಲಿಕ್ಕೆ. ಅದರ ಹಿಂದಿದ್ದ ಏಜೆನ್ಸಿ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಮನೆಗೇ ಬಂದು ಬ್ಯೂಟಿ ಪಾರ್ಲರ್ ಸೇವೆ ಕೊಡುವ ಯೆಸ್‌ಮೇಡಂ ಕಂಪನಿಯದು ಒಂದು ಇಮೇಲ್ ಹರಿದಾಡಿತು. ಕೆಲಸದ ಒತ್ತಡ ಇದೆ ಅಂದವರನ್ನೆಲ್ಲ ಕೆಲಸದಿಂದ ತೆಗೆದಿದ್ದಾರೆ ಅಂತ. ಜನ ಉಗಿದರು. ಆಮೇಲೆ ಯಾರನ್ನೂ ತೆಗೆದಿಲ್ಲ, ಒತ್ತಡದ ಬಗ್ಗೆ ಗಮನ ಸೆಳೆಯಲು ಮಾಡಿದ್ದು ಅಂತ ಕಂಪನಿಯೇ ಹೇಳಿತು. ದೊಡ್ಡವರು ಇಂಥದ್ದನ್ನು ಹೇಗೋ ದಾಟಿಕೊಳ್ಳುತ್ತಾರೆ. ನಿಮ್ಮ ಗಿರಾಕಿ ಅಂದರೆ ನಿಮ್ಮ ಬೀದಿಯವರು, ನೆಂಟರು, ಅಂಗಡಿಯವರು. ಅವರು ಗಾಬರಿಯಾಗಿ ಮನೆ ಬಾಗಿಲಿಗೆ ಬಂದರೆ ಏನು ಹೇಳುತ್ತೀರಿ? ಸುಮ್ನೆ ಹೇಳಿದ್ದು ಅಂತಲಾ?

ಇನ್ನು ದೊಡ್ಡವರದು ಯಾಕೆ ಓಡುತ್ತೆ ಅನ್ನುವುದು. ಏಪ್ರಿಲ್ 2021ರ ಕ್ರೆಡ್ (ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವ ಆಪ್) ಜಾಹೀರಾತು ನೆನಪಿದೆ ಅಲ್ವಾ, ರಾಹುಲ್ ದ್ರಾವಿಡ್ ಬೆಂಗಳೂರು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಕೂಗಾಡುವುದು, ಬ್ಯಾಟ್ ತೆಗೆದು ಪಕ್ಕದ ಕಾರಿನ ಕನ್ನಡಿ ಒಡೆಯುವುದು, ಕೊನೆಗೆ ಕಾರಿನ ಮೇಲಿಂದ ಎದ್ದು ನಿಂತು ನಾನು ಇಂದಿರಾನಗರದ ಗೂಂಡಾ ಅಂತ ಹಿಂದಿಯಲ್ಲಿ ಅರಚುವುದು. (ಇಂದಿರಾನಗರದ ಗೂಂಡಾ ಹಿಂದಿಯಲ್ಲಿ ಯಾಕೆ ಅರಚಬೇಕು ಅನ್ನುವುದು ನನ್ನ ಹಳೇ ತಕರಾರು, ಇರಲಿ.) ಅದರಲ್ಲಿ ಟ್ರೆಂಡ್ ಏನಿತ್ತು? ಹಾಡಿಲ್ಲ, ಸ್ಟೆಪ್ ಇಲ್ಲ. ಇದ್ದದ್ದು ಜನರ ತಲೆಯಲ್ಲಿ ಆಗಲೇ ಕೂತಿದ್ದ ಒಂದು ವಿಷಯ. 1996ರಿಂದ 2012ರ ತನಕ ಆ ಮನುಷ್ಯ ಮೈದಾನದಲ್ಲಿ ಒಂದು ದನಿ ಏರಿಸದೆ ಗಂಟೆಗಟ್ಟಲೆ ನಿಂತಿದ್ದನ್ನು ದೇಶ ನೋಡಿತ್ತು. ಆ ಹದಿನಾರು ವರ್ಷದ ನೆನಪನ್ನು ಉಲ್ಟಾ ಮಾಡಿದರು, ಅಷ್ಟೇ. ಅದೇ ಸ್ಕ್ರಿಪ್ಟನ್ನು ಸಿಟ್ಟಿಗೆ ಹೆಸರಾದ ಆಟಗಾರನಿಗೆ ಕೊಟ್ಟಿದ್ದರೆ ಯಾರೂ ನಗುತ್ತಿರಲಿಲ್ಲ. ಮಾರನೇ ದಿನದಿಂದ ಬೇರೆಯವರು ಅದಕ್ಕೆ ಜೋತುಬಿದ್ದರು. ರಸ್ತೆಯಲ್ಲಿ ಸಿಟ್ಟಿಗೆದ್ದ ಗೂಂಡಾ ಇರುವುದರಿಂದ ಇಂದಿರಾನಗರದಲ್ಲಿ ಡೆಲಿವರಿ ತಡವಾಗಬಹುದು ಅಂತ ಜೊಮ್ಯಾಟೊ ಟ್ವೀಟ್ ಮಾಡಿತು. ಅದೂ ಓಡಿತು, ಯಾಕೆಂದರೆ ಡೆಲಿವರಿ ತಡವಾಗುವುದು ಜೊಮ್ಯಾಟೊಗೆ ಸಂಬಂಧಪಟ್ಟ ವಿಷಯವೇ. ನಂತರ ಬಂದ ಸಿಮೆಂಟಿನವರು, ಇನ್ಶೂರೆನ್ಸಿನವರು ಹಾಕಿದ ಗೂಂಡಾ ಜೋಕು ಒಂದಾದರೂ ನೆನಪಿದೆಯಾ? ನನಗಿಲ್ಲ.

ನಂದಿನಿಯದನ್ನೂ ನೋಡಿ. 2024ರ ಟಿ20 ವಿಶ್ವಕಪ್‌ನಲ್ಲಿ ಕೆಎಂಎಫ್ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ಪ್ರಾಯೋಜಕ ಆಯಿತು. ಭಾರತ ತಂಡದ ಜೆರ್ಸಿಗೆ ದುಡ್ಡು ಹಾಕುವುದಾದರೆ ಎಷ್ಟಾಗುತ್ತೆ, ನೀವೇ ಯೋಚಿಸಿ. ಇವರು ಎಲ್ಲೋ ಇದ್ದ ಸ್ಕಾಟ್ಲೆಂಡ್ ಹಿಡಿದರು. ಆ ಬಿಳಿ ಹುಡುಗರ ಮೈಮೇಲೆ ನಂದಿನಿ ಅಂತ ಕಂಡ ಕೂಡಲೇ ನಮ್ಮ ಜನ ಬಿದ್ದು ಬಿದ್ದು ಶೇರ್ ಮಾಡಿದರು. ಮೈಸೂರಲ್ಲಿ ಕೂತವರು ಸ್ಕಾಟ್ಲೆಂಡ್ ಗೆಲ್ಲಲಿ ಅಂತ ಬರೆದರು! ಜೂನ್ 5ಕ್ಕೆ ನ್ಯೂಯಾರ್ಕಿನಲ್ಲಿ ಭಾರತ–ಐರ್ಲೆಂಡ್ ಮ್ಯಾಚು, ಇಡೀ ಭಾರತ ಟಿವಿ ಮುಂದೆ, ಎದುರಾಳಿಯ ಮೈಮೇಲೆ ನಮ್ಮ ಹಾಲು. ಇದಕ್ಕೂ ಹಿಂದೆ ಬಂಡವಾಳ ಇತ್ತು, ಅದು ದುಡ್ಡಿನ ಬಂಡವಾಳ ಅಲ್ಲ. ಹಿಂದಿನ ವರ್ಷ, ಏಪ್ರಿಲ್ 2023ರಲ್ಲಿ, ಬೆಂಗಳೂರಿಗೆ ಹಾಲು ಮೊಸರು ತರುತ್ತೇವೆ ಅಂತ ಅಮುಲ್ ಒಂದು ಟ್ವೀಟ್ ಮಾಡಿದ್ದಕ್ಕೆ ಇಲ್ಲಿ ನಂದಿನಿ ಉಳಿಸಿ ಅಂತ ಎದ್ದ ಗದ್ದಲ ನೆನಪು ಮಾಡಿಕೊಳ್ಳಿ, ಚುನಾವಣೆ ಬೇರೆ ಎದುರಿಗಿತ್ತು. ನಂದಿನಿ ನಮ್ಮದು ಅನ್ನುವ ಭಾವನೆ ಆಗಲೇ ಕಾವಿನಲ್ಲಿತ್ತು. ಜೆರ್ಸಿ ಅದಕ್ಕೆ ಒಂದು ನೆಪ ಕೊಟ್ಟಿತು.

ಈಗ ನಿಮ್ಮ ಹುಡುಗನ ರೀಲ್. ಹಾಡು ಯಾರದ್ದೋ, ಸ್ಟೆಪ್ ಯಾರದ್ದೋ, ಮುಖ ಅವನದು. ಪ್ಯಾಕೆಟ್ ಬದಲು ಅವನ ಕೈಲಿ ಸೋಪು ಇದ್ದಿದ್ದರೂ ಅದೇ ವ್ಯೂಸ್ ಬರುತ್ತಿತ್ತು. ಮಾರ್ಚ್ 2025ರಲ್ಲಿ ಘಿಬ್ಲಿ ಚಿತ್ರದ ಹುಚ್ಚು (ಫೋಟೋವನ್ನು ಎಐ ಕೈಲಿ ಜಪಾನಿ ಕಾರ್ಟೂನ್ ಥರ ಮಾಡಿಸುವುದು) ಬಂದಾಗ ಜ್ಯೂಸ್ ಅಂಗಡಿಯಿಂದ ಬ್ಯಾಂಕಿನ ತನಕ ಎಲ್ಲರೂ ಅದನ್ನೇ ಹಾಕಿದರು. ಎಲ್ಲರ ಪೋಸ್ಟೂ ಒಂದೇ ಥರ. ಯಾವುದು ಯಾರದ್ದು ಅಂತ ಹೇಳಿ ನೋಡೋಣ.

ದೋಸೆ ಕಾವಲಿ, ದಾವಣಗೆರೆ:

ಮೇಲಿನ ಸಾರ್ ಹೇಳಿದ್ದು ಸರಿ ಇರಬಹುದು, ಆದರೆ ಬೆಂಗಳೂರಿನ ಆಫೀಸಿನಲ್ಲಿ ಕೂತು ಹೇಳುವುದು ಸುಲಭ ಸಾರ್. ನಮ್ಮದು ಸಣ್ಣ ಹೋಟೆಲ್. ಒಬ್ಬ ಫುಡ್ ವ್ಲಾಗರ್ ಬಂದು ವಿಡಿಯೋ ಮಾಡಿದ, ಓಡಿತು. ಮುಂದಿನ ಭಾನುವಾರ ಬಾಗಿಲಲ್ಲಿ ಜಾತ್ರೆ. ನನಗೂ ಖುಷಿ. ಆದರೆ ಕಾವಲಿ ಇರುವುದು ಒಂದು, ಹಿಟ್ಟು ಹತ್ತು ಗಂಟೆಗೇ ಖಾಲಿ. ಎಷ್ಟೋ ದೂರದಿಂದ ಬಂದವರು ದೋಸೆ ಸಿಗದೆ ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಹೋದರು. ದಿನಾ ಬೆಳಿಗ್ಗೆ ಬರುತ್ತಿದ್ದ ರಿಟೈರ್ಡ್ ಮೇಷ್ಟ್ರು, ಪೇಪರ್ ಓದುತ್ತ ಕೂರುತ್ತಿದ್ದವರು, ನೂಕುನುಗ್ಗಲು ನೋಡಿ ಎದುರಿನ ಹೋಟೆಲ್‌ಗೆ ಹೋದವರು ವಾಪಸ್ ಬರಲಿಲ್ಲ. ಜಾತ್ರೆ ಒಂದೆರಡು ತಿಂಗಳಿಗೆ ಕರಗಿತು.

ಹಾಗಂತ ವಿಡಿಯೋ ಬೇಡ ಅಂತಲ್ಲ. ಅದಾದ ಮೇಲೆ ಇನ್ನೊಂದು ಕಾವಲಿ ಹಾಕಿಸಿದೆ, ಈಗ ಯಾರಾದರೂ ಬಂದು ಶೂಟ್ ಮಾಡಿದರೆ ಹೆದರಿಕೆ ಇಲ್ಲ. ಮೇಡಂ, ನಿಮ್ಮ ಪುಡಿ ಬೇಕು ಅಂತ ನಾಳೆ ಬೆಳಿಗ್ಗೆಯೇ ಇನ್ನೂರು ಜನ ಫೋನ್ ಮಾಡಿದರೆ ಕೊಡೋಕೆ ಆಗುತ್ತಾ? ಮೊದಲು ಅದನ್ನು ಲೆಕ್ಕ ಹಾಕಿ. ನನ್ನ ಕೇಳಿದರೆ ವಾಟ್ಸಾಪ್ ಸ್ಟೇಟಸ್ಸೇ ವಾಸಿ. ಇವತ್ತು ಯಾವ ಪುಡಿ ಹುರಿಯುತ್ತಿದ್ದೇವೆ ಅಂತ ಒಂದು ಫೋಟೋ. ನೋಡುವವರೆಲ್ಲ ನಿಮ್ಮ ನಂಬರ್ ಇರುವವರೇ.

ವಕೀಲಿ ಮಾತು:

ಒಂದು ವಿಷಯ ಯಾರೂ ಎತ್ತಲಿಲ್ಲ. ಆ ಹಿಂದಿ ಹಾಡಿನ ಹಕ್ಕು ಯಾರದು? ನೀವು ಖಾಸಗಿಯಾಗಿ ಕುಣಿದು ಹಾಕಿಕೊಂಡರೆ ಇನ್‌ಸ್ಟಾಗ್ರಾಂ ಹಾಡಿನ ಕಂಪನಿಗಳ ಜೊತೆ ಮಾಡಿಕೊಂಡಿರುವ ಒಪ್ಪಂದದ ನೆರಳಿನಲ್ಲಿ ನಡೆದುಹೋಗುತ್ತೆ. ಪ್ಯಾಕೆಟ್ ಹಿಡಿದು ವ್ಯಾಪಾರಕ್ಕೆ ಬಳಸಿದರೆ ಅದು ಜಾಹೀರಾತು, ಆ ಒಪ್ಪಂದ ಅಲ್ಲಿಗೆ ಬರಲ್ಲ. ಬಿಸಿನೆಸ್ ಅಕೌಂಟ್‌ನಲ್ಲಿ ಎಷ್ಟೋ ಸಿನಿಮಾ ಹಾಡು ಸಿಗದೇ ಇರುವುದು ಅದಕ್ಕೇ. ಹುಡುಗರು ಏನು ಮಾಡುತ್ತಾರೆ, ಅಕೌಂಟನ್ನು ಕ್ರಿಯೇಟರ್ ಅಂತ ಬದಲಾಯಿಸಿಕೊಂಡು ಹಾಕಿಬಿಡುತ್ತಾರೆ. ಆಪ್‌ನಲ್ಲಿ ಹಾಡು ಕಂಡಿತು ಅಂದ ಮಾತ್ರಕ್ಕೆ ಹಕ್ಕು ಸಿಕ್ಕಿತು ಅಂತಲ್ಲ.

ಸಣ್ಣವರನ್ನು ಯಾರು ಕೇಳುತ್ತಾರೆ ಅನ್ನಬಹುದು. ನಮ್ಮ ಬೆಂಗಳೂರಿನ ಹಾಡಿನ ಕಂಪನಿ ಎಂಆರ್‌ಟಿ ಮ್ಯೂಸಿಕ್ 2022ರಲ್ಲಿ ಕಾಂಗ್ರೆಸ್ ಪಕ್ಷದ ಮೇಲೇ ಹೋಯಿತು, ಭಾರತ್ ಜೋಡೋ ಯಾತ್ರೆಯ ವಿಡಿಯೋಗೆ ಕೆಜಿಎಫ್ 2 ಹಾಡು ಬಳಸಿದ್ದಕ್ಕೆ. ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಹಿಡಿಯಿರಿ ಅಂತ ಇಲ್ಲಿನ ಕೋರ್ಟು ನವೆಂಬರ್‌ನಲ್ಲಿ ಆದೇಶ ಕೊಟ್ಟಿತ್ತು. ಮರುದಿನ ಹೈಕೋರ್ಟು ಅದನ್ನು ತೆಗೆಯಿತು, ಆದರೆ ಆ ವಿಡಿಯೋ ಇಳಿಸಬೇಕು ಅನ್ನುವ ಷರತ್ತಿನ ಮೇಲೆ. ನಿಮ್ಮ ಮೇಲೆ ಕೇಸೇ ಹಾಕುತ್ತಾರೆ ಅಂತ ಹೆದರಿಸುತ್ತಿಲ್ಲ. ಬಹಳ ಸಲ ವಿಡಿಯೋದ ದನಿ ಕಿತ್ತುಹಾಕುತ್ತಾರೆ, ಇಲ್ಲ ವಿಡಿಯೋನೇ ಹೋಗುತ್ತೆ. ಆದರೆ ದುಡ್ಡು ಕೊಟ್ಟು ಹೆಚ್ಚು ಜನರಿಗೆ ತೋರಿಸಲು, ಅಂದರೆ ಬೂಸ್ಟ್ ಮಾಡಲು ಹೊರಟರೆ ಈ ಹಾಡಿನ ರೀಲ್ ಅಲ್ಲೇ ನಿಲ್ಲುತ್ತೆ.

ಇನ್ನೊಂದು, ಅಗಸೆ ಪುಡಿ ಅಂದಿರಿ. ದಯವಿಟ್ಟು ಶುಗರ್ ಕಡಿಮೆ ಆಗುತ್ತೆ, ಕೊಲೆಸ್ಟರಾಲ್ ಇಳಿಯುತ್ತೆ ಅಂತ ವಿಡಿಯೋದಲ್ಲಿ ಹೇಳಬೇಡಿ. ಆಹಾರ ಸುರಕ್ಷತೆ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದ ತನಕ ದಂಡ ಇದೆ. ಯಾರಾದರೂ ಇನ್‌ಫ್ಲುಯೆನ್ಸರ್‌ಗೆ ದುಡ್ಡು ಕೊಟ್ಟರೆ, ಸುಮ್ಮನೆ ಪುಡಿ ಡಬ್ಬಿ ಕೊಟ್ಟರೂ ಅಷ್ಟೇ, ಇದು ಜಾಹೀರಾತು ಅಂತ ಅವರು ಎದ್ದು ಕಾಣುವ ಹಾಗೆ ಹೇಳಬೇಕು. ಜನವರಿ 2023ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದನ್ನು ಬಿಡಿಸಿ ಬಿಡಿಸಿ ಹೇಳಿದೆ.

ಹಳೇ ಪೇಟೆ, ಮೈಸೂರು:

ವೈರಲ್ ಗಿರಲ್ ಅಂತ ಹೊಸದಾಗಿ ಕಂಡುಹಿಡಿದವರ ಹಾಗೆ ಮಾತಾಡುತ್ತಿದ್ದೀರಲ್ಲ, ಮೈಸೂರು ಸ್ಯಾಂಡಲ್ ಸೋಪಿನವರು ಆ ಕಾಲದಲ್ಲೇ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ತೆಗೆಸಿದ್ದರು. ಟ್ರಾಂ ಟಿಕೆಟ್ ಮೇಲೆ ಸೋಪು, ಬೆಂಕಿಪೊಟ್ಟಣದ ಮೇಲೆ ಸೋಪು. ಕರಾಚಿ ಬೀದಿಯಲ್ಲಿ ನಿಂತು ಒಂಟೆ ನೋಡಿದವನು ಮನೆಗೆ ಹೋಗಿ ಹೇಳದೆ ಇರುತ್ತಾನಾ? ಅವರಿಗೂ ಒಂಟೆ ತಾನಾಗೇ ಸೋಪು ಮಾರಲಿಲ್ಲ ನೋಡಿ, ಸೋಪಿನಲ್ಲಿ ನಿಜವಾದ ಗಂಧದೆಣ್ಣೆ ಇತ್ತು.

ಅಮುಲ್ ಹುಡುಗಿಯೂ 1966ರಿಂದ ಅದನ್ನೇ ಮಾಡುತ್ತಿದ್ದಾಳೆ, ಊರು ಏನು ಮಾತಾಡುತ್ತೋ ಅದನ್ನೇ ಹೋರ್ಡಿಂಗ್ ಮೇಲೆ. ಅಂದರೆ ಟ್ರೆಂಡ್ ಹಿಂದೆ ಹೋಗಿಯೂ ಗೆದ್ದವರು ಇದ್ದಾರೆ, ಅಕ್ಷರ ಕೂಲಿಯವರೇ. ಇದಕ್ಕೇನಂತೀರಿ?

ಅಕ್ಷರ ಕೂಲಿ, ಬೆಂಗಳೂರು:

ಒಳ್ಳೇ ಗುದ್ದು ಸಾರ್. ಆದರೆ ಅಮುಲ್‌ನಲ್ಲಿ ಬದಲಾಗುವುದು ಸುದ್ದಿ ಮಾತ್ರ. ಚುಕ್ಕೆ ಫ್ರಾಕು, ನೀಲಿ ಕೂದಲು, ಕೈಲಿ ಬೆಣ್ಣೆ, ಒಂದು ಶ್ಲೇಷೆ, ಇವು ಅಲ್ಲಾಡಲ್ಲ. ಬರಹ ಮುಚ್ಚಿ ತೋರಿಸಿದರೂ ಯಾರದು ಅಂತ ಗೊತ್ತಾಗುತ್ತೆ. ಟ್ರೆಂಡು ಅವರ ಮನೆಗೆ ಬರುತ್ತೆ, ಅವರು ಟ್ರೆಂಡಿನ ಮನೆಗೆ ಹೋಗಲ್ಲ. ಅಕ್ಕನಿಗೂ ಅದೇ ಬೇಕಿರುವುದು, ಬದಲಾಗದ ಒಂದು ವಿಷಯ.

ರೀಲ್ ರಾಜ:

ಎಲ್ಲರೂ ಆ ಹುಡುಗನ ಮೇಲೆ ಬಿದ್ದಿದ್ದೀರಿ, ಪಾಪ. ಅವನ ಪರವಾಗಿ ನಾನು ಎರಡು ಮಾತಾಡುತ್ತೇನೆ. ನಾನೂ ಒಂದು ಬಟ್ಟೆ ಅಂಗಡಿಯ ಪೇಜ್ ನೋಡಿಕೊಳ್ಳುತ್ತೇನೆ. ಟ್ರೆಂಡಿಂಗ್ ಆಡಿಯೋ ಪೂರ್ತಿ ದಂಡ ಅಲ್ಲ ಆಂಟಿ. ಪರಿಚಯ ಇಲ್ಲದವರಿಗೆ ರೀಲ್ ತಲುಪೋಕೆ ಅದು ಸ್ವಲ್ಪ ತಳ್ಳುತ್ತೆ. ಆದರೆ ವ್ಯೂಸ್ ನೋಡಿ ಹಿಗ್ಗಬೇಡಿ. ರೀಲ್ ಓಡಲು ಶುರುವಾದರೆ ಸಾಕು ವ್ಯೂ ಅಂತ ಎಣಿಸುತ್ತಾರೆ, ಒಬ್ಬನೇ ಮೂರು ಸಲ ನೋಡಿದರೆ ಮೂರು. ಕಡೆ ತನಕ ಎಷ್ಟು ಜನ ನೋಡಿದರು, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು, ಅದನ್ನು ನೋಡಿ. ನೋಡುವ ಹೊತ್ತು, ಲೈಕು, ಕಳಿಸುವುದು ಇವೇ ಮುಖ್ಯ ಅಂತ ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೆರಿ ಬಾಯಿಬಿಟ್ಟೇ ಹೇಳಿದ್ದಾನೆ. ಕಳಿಸುವುದು ಅಂದರೆ ಏನು ಗೊತ್ತಾ? ಬೆಂಗಳೂರಲ್ಲಿ ಪಿಜಿಯಲ್ಲಿರುವ ಹುಡುಗಿ "ಅಮ್ಮಾ ಇದು ಅಜ್ಜಿ ಮಾಡುತ್ತಿದ್ದ ಥರಾನೇ ಇದೆ ನೋಡು" ಅಂತ ಕಳಿಸುವುದು. ಕುಣಿತ ನೋಡಿ ಯಾರೂ ಅಮ್ಮನಿಗೆ ಕಳಿಸಲ್ಲ.

ಕನ್ನಡದಲ್ಲಿ ಮಾತಾಡಿ. ಲಕ್ನೋದವರು ಮೊದಲ ಮೂರು ಸೆಕೆಂಡಿಗೇ ಮುಂದಕ್ಕೆ ತಳ್ಳಿ ಹೋಗುತ್ತಾರೆ, ಒಳ್ಳೇದೇ. ಕನ್ನಡದವರು ನಿಲ್ಲುತ್ತಾರೆ, ಮುಂದಿನ ಸಲ ಇನ್‌ಸ್ಟಾ ಅಂಥವರನ್ನೇ ಹುಡುಕಿ ತೋರಿಸುತ್ತೆ. ಏಜೆನ್ಸಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಬೂಸ್ಟ್‌ಗೆ ಹಾಕಿ, ಮ್ಯಾಪಿನ ಮೇಲೆ ಬೆಂಗಳೂರಿಗೆ ಪಿನ್ ಹಾಕಿ ಸುತ್ತ ಇಷ್ಟು ಕಿಲೋಮೀಟರ್ ಅಂತ ಕೊಡಬಹುದು. ಕೊರಿಯರ್ ಹೋಗದ ಊರಿಗೆ ತೋರಿಸಿ ಏನು ಮಾಡೋದು?

ಪುಡಿ ಅಂಗಡಿ, ತುಮಕೂರು:

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಅಳುವ ವಿಡಿಯೋ ಇಲ್ಲ ಅಂತ ಏಜೆನ್ಸಿಯವರಿಗೆ ಹೇಳಿದ್ದಾಯಿತು. ಹೋಟೆಲ್ ಸಾರ್, ಇನ್ನೂರು ಜನ ಒಟ್ಟಿಗೆ ಕೇಳಿದರೆ ನಮಗೆ ಕೊಡೋಕೆ ಆಗಲ್ಲ, ನಿಜ. ನಾವು ಹುರಿಯುವುದು ವಾರಕ್ಕೆ ಎರಡೇ ದಿನ.

ಆದರೆ ಬದಲಾಗದ ಒಂದು ವಿಷಯ ಅಂದರೆ ನಮ್ಮ ಹತ್ತಿರ ಏನಿದೆ? ಎಲ್ಲರೂ ಮಾಡುವ ಚಟ್ನಿಪುಡಿಯೇ. ಕೊಬ್ಬರಿ ತಿಪಟೂರಿನದು, ಮೆಣಸಿನಕಾಯಿ ಬ್ಯಾಡಗಿ. ಅತ್ತೆಯ ಹತ್ತಿರ ಒಂದು ಅಭ್ಯಾಸ ಇದೆ, ಕರಿಬೇವು ಹುರಿದ ಮೇಲೆ ಒಂದು ಎಲೆ ತೆಗೆದು ಕಿವಿ ಹತ್ತಿರ ಹಿಡಿದು ಮುರಿಯುತ್ತಾರೆ. ಟಪ್ ಅಂತ ಸದ್ದು ಬರದಿದ್ದರೆ ಇನ್ನೂ ಹಸಿ ಇದೆ, ಪುಡಿ ಕೆಡುತ್ತೆ ಅಂತ ಮತ್ತೆ ಬಾಣಲೆಗೆ. ಆಳುಗಳು ನಗುತ್ತಾರೆ. ಅತ್ತೆ ಕ್ಯಾಮೆರಾ ಮುಂದೆ ಬರುವವರಲ್ಲ, ಮೊಬೈಲ್ ಎತ್ತಿದರೆ ಸೆರಗು ಮುಖಕ್ಕೆ ಹಿಡಿಯುತ್ತಾರೆ.

ಅಕ್ಷರ ಕೂಲಿ, ಬೆಂಗಳೂರು:

ಅಕ್ಕಾ! ಇಷ್ಟು ಹೊತ್ತು ಇದನ್ನು ಎಲ್ಲಿ ಬಚ್ಚಿಟ್ಟಿದ್ದಿರಿ? ಅದೇ ನಿಮ್ಮ ಜಾಹೀರಾತು. ಎಲೆ ಮುರಿಯುವುದು, ಸದ್ದು. ಪ್ರತಿ ರೀಲ್ ಅದರಿಂದಲೇ ಶುರುವಾಗಲಿ, ಯಾವ ಪುಡಿ ಆದರೂ ಸರಿ. ಸದ್ದು ಬರದೆ ಮತ್ತೆ ಬಾಣಲೆಗೆ ಹಾಕಿದ್ದನ್ನೂ ತೋರಿಸಿ, ಅದು ಇನ್ನೂ ಚೆನ್ನಾಗಿರುತ್ತೆ. ವಕೀಲರ ಹಾಡಿನ ತಲೆನೋವೂ ಇಲ್ಲ, ಆ ಸದ್ದು ನಿಮ್ಮದೇ. ನಾಳೆ ಯಾವುದಾದರೂ ಟ್ರೆಂಡ್ ನಿಮಗೆ ಹೊಂದಿದರೆ ಆ ಎಲೆಯ ಸದ್ದಿಗೇ ಕಟ್ಟಿ. ಹೊಂದದಿದ್ದರೆ ಬಿಡಿ.

ಪ್ಯಾಕೆಟ್ ಮೇಲೆ ಹುರಿದ ವಾರ ಬರೆಯಿರಿ. ವಾರಕ್ಕೆ ಎರಡೇ ದಿನ ಹುರಿಯುತ್ತೇವೆ, ಖಾಲಿಯಾದರೆ ಮುಂದಿನ ವಾರ ಅಂತ ಮೊದಲೇ ಹೇಳಿಬಿಟ್ಟರೆ ದೋಸೆ ಸಾರ್‌ಗೆ ಆದ ಒಂದು ಸ್ಟಾರ್ ಕಥೆ ನಿಮಗೆ ಆಗಲ್ಲ.

ರೀಲ್ ರಾಜ:

ಅಜ್ಜಿ ಮುಖ ಬೇಡವೇ ಬೇಡ ಆಂಟಿ, ಕೈ ಸಾಕು. ಬಳೆ ಕಾಣಲಿ. ಫ್ಯಾನ್ ಆಫ್ ಮಾಡಿ, ಇಲ್ಲಾಂದ್ರೆ ಸದ್ದೆಲ್ಲ ಗಾಳಿಪಾಲು. ಎಲೆಯ ಹತ್ತಿರ ಇನ್ನೊಂದು ಫೋನ್ ಇಟ್ಟು ಸದ್ದು ಮಾತ್ರ ರೆಕಾರ್ಡ್ ಮಾಡಿ, ಎಡಿಟ್‌ನಲ್ಲಿ ಸೇರಿಸಬಹುದು. ಬೆಳಕು ಕಿಟಕಿ ಕಡೆಯಿಂದ ಬರಲಿ, ಟ್ಯೂಬ್‌ಲೈಟಿನಲ್ಲಿ ಬ್ಯಾಡಗಿ ಕೆಂಪು ಕಂದು ಥರ ಕಾಣುತ್ತೆ. ನಿಮ್ಮ ಹುಡುಗನಿಗೆ ಎಡಿಟ್ ಮಾಡಲು ಹೇಳಿ, ಅವನ ಕೈ ಪಳಗಿದೆ ಅಂತ ಆ ಲಕ್ಷ ವ್ಯೂಸೇ ಹೇಳುತ್ತಿದೆ.

ದೋಸೆ ಕಾವಲಿ, ದಾವಣಗೆರೆ:

ಮುಂದಿನ ಸಲ ಯಾವತ್ತು ಹುರಿಯುತ್ತೀರಿ ಮೇಡಂ? ಹೋಟೆಲ್‌ಗೆ ಎರಡು ಕೆಜಿ ಚಟ್ನಿಪುಡಿ ಬೇಕಿತ್ತು. ದಾವಣಗೆರೆಗೆ ಕೊರಿಯರ್ ಎಷ್ಟು ಬೀಳುತ್ತೆ, ಇಲ್ಲ ಬಸ್ಸಿಗೆ ಹಾಕಿದರೆ ನಾನೇ ಸ್ಟ್ಯಾಂಡಿಗೆ ಬಂದು ತಗೊಳ್ಳುತ್ತೇನೆ.